ನೆಲೆಗೊಳಿಸಿದವನ ಋಣ

ಒಬ್ಬ ಅರಸನು ತನ್ನ ರಾಜ್ಯದ ಕಟ್ಟಕಡೆಯ ಸೀಮೆಯಲ್ಲಿ, ಅಡವಿಯ ನಡುವೆ, ನೂರು ಜನ ಕಾವಲುಗಾರರನ್ನು ತಂದು ಇಳಿಸುತ್ತಾನೆ. ಅವರು ಅಲ್ಲಿ ಮನೆ ಕಟ್ಟಿಕೊಳ್ಳುತ್ತಾರೆ, ಅವರಿಗೆ ಮಕ್ಕಳಾಗುತ್ತಾರೆ, ಹಿರಿಯರು ತೀರಿಕೊಂಡು ಅಲ್ಲಿಯ ಮಣ್ಣಿಗೇ ಸೇರುತ್ತಾರೆ. ಐವತ್ತು ವರ್ಷಗಳು ಕಳೆದ ಮೇಲೆ ಅದೇ ಸಿಂಹಾಸನದಿಂದ ಮತ್ತೊಂದು ಆಜ್ಞೆ ಬರುತ್ತದೆ: ಇನ್ನು ಅಲ್ಲಿ ಕಾವಲು ಬೇಕಾಗಿಲ್ಲ, ಎಲ್ಲರೂ ಎದ್ದು ಹೊರಡತಕ್ಕದ್ದು. ಮೊದಲನೆಯ ಆಜ್ಞೆಗೆ ಇದ್ದಷ್ಟೇ ಬಲ ಈ ಎರಡನೆಯ ಆಜ್ಞೆಗೂ ಉಂಟೆ? ಜನರನ್ನು ನೆಟ್ಟವನಿಗೆ ಅವರನ್ನು ಕೀಳುವ ಅಧಿಕಾರವೂ ತಾನಾಗಿ ಬರುವುದೆ? ಇದು ನ್ಯಾಯಾಸ್ಥಾನದ ಪ್ರಶ್ನೆಯಂತೆ ತೋರಿದರೂ ವಾಸ್ತವವಾಗಿ ಧರ್ಮದ ಪ್ರಶ್ನೆ. ದೊಡ್ಡ ದೊಡ್ಡ ಸಾಮ್ರಾಜ್ಯಗಳ ಚರಿತ್ರೆಯಲ್ಲಿ ಯುದ್ಧ, ಸಂಧಿ, ಪಟ್ಟಾಭಿಷೇಕಗಳ ಗದ್ದಲದೊಳಗೆ ಈ ಪ್ರಶ್ನೆ ಅಡಗಿಹೋಗುತ್ತದೆ. ಆದುದರಿಂದ ಒಂದು ಅತ್ಯಲ್ಪವಾದ ಊರಿನ ಚರಿತ್ರೆಯನ್ನೇ ಎದುರಿಗಿಟ್ಟುಕೊಂಡು ಇದನ್ನು ವಿಚಾರಿಸುವುದು ಒಳ್ಳೆಯದೆಂದು ತೋರುತ್ತದೆ.

ಆ ಊರಿನ ಹೆಸರು ಲೋಸ್ ಅದಾಯೆಸ್. ಅಮೆರಿಕದ ಲೂಯಿಸಿಯಾನಾ ಸಂಸ್ಥಾನದ ಪಶ್ಚಿಮ ಭಾಗದಲ್ಲಿ, ರೋಬಲೀನ್ ಎಂಬ ಗ್ರಾಮದ ಬಳಿ ಅದರ ನಿವೇಶನವಿದೆ. ಇಂದು ಅಲ್ಲಿ ಊರಿಲ್ಲ. ಸರ್ಕಾರದವರು ರಕ್ಷಿಸಿಟ್ಟಿರುವ ಒಂದು ಐತಿಹಾಸಿಕ ಸ್ಥಳ ಮಾತ್ರ ಇದೆ. ಆದರೆ ಹದಿನೆಂಟನೆಯ ಶತಮಾನದಲ್ಲಿ ಸುಮಾರು ನಲವತ್ತು ವರ್ಷಗಳ ಕಾಲ ಇದು ಸ್ಪೇನ್ ದೇಶದವರ ಟೆಕ್ಸಾಸ್ ಪ್ರಾಂತಕ್ಕೆ ರಾಜಧಾನಿಯಾಗಿತ್ತು. ರಾಜಧಾನಿಯೆಂದ ಕೂಡಲೆ ಪಾಠಕರು ಅರಮನೆ, ಅಂಗಡಿಬೀದಿಗಳನ್ನು ಊಹಿಸಿಕೊಳ್ಳಬಾರದು. ಮರದ ದಿಮ್ಮಿಗಳನ್ನು ನೆಲದಲ್ಲಿ ಸಾಲಾಗಿ ನೆಟ್ಟು ಮಾಡಿದ ಆರು ಮೂಲೆಯ ಒಂದು ಕೋಟೆ, ಹತ್ತಿರದಲ್ಲಿ ಒಂದು ಇಗರ್ಜಿ, ಸುತ್ತಲೂ ಚದುರಿದ ಮಣ್ಣುಗೋಡೆಯ ಮನೆಗಳು, ವೈಭವವೆಲ್ಲ ಇಷ್ಟೇ.

ಇಂಥ ಸ್ಥಳದಲ್ಲಿ ಊರು ಹುಟ್ಟಿದುದಕ್ಕೆ ಕಾರಣ ಭೂಮಿಯ ಗುಣವಲ್ಲ, ನೆರೆಯವನ ಭಯ. ಕೆಂಪುನದಿಯ ತೀರದಲ್ಲಿ ಫ್ರೆಂಚರು ೧೭೧೪ರಲ್ಲಿ ನಾಕಿತೋಷ್ ಎಂಬ ಠಾಣ್ಯವನ್ನು ಸ್ಥಾಪಿಸಿದರು. ಅವರು ಪಶ್ಚಿಮಕ್ಕೆ ಸರಿದು ಮೆಕ್ಸಿಕೋ ದೇಶದ ಬೆಳ್ಳಿಯ ಗಣಿಗಳ ಕಡೆಗೆ ಕೈಚಾಚಿಯಾರೆಂದು ಸ್ಪೇನಿನವರಿಗೆ ಶಂಕೆಯಾಯಿತು. ಒಡನೆಯೇ ೧೭೧೬ರಲ್ಲಿ ಪಾದ್ರಿಗಳನ್ನೂ ಸೈನಿಕರನ್ನೂ ಪೂರ್ವ ಟೆಕ್ಸಾಸಿಗೆ ಕಳುಹಿಸಿದರು. ಅದಾಯಿ ಎಂಬ ಮೂಲನಿವಾಸಿಗಳ ನಡುವೆ, ನಾಕಿತೋಷಿನಿಂದ ಸುಮಾರು ಹದಿನೈದು ಮೈಲಿಗಳ ದೂರದಲ್ಲಿ, ಸಂತ ಮಿಗೆಲನ ಹೆಸರಿನ ಒಂದು ಮಠ ಏರ್ಪಟ್ಟಿತು. ಈ ಅದಾಯಿಗಳು ಕ್ಯಾಡೋ ಎಂಬ ದೊಡ್ಡ ಜನಾಂಗಕ್ಕೆ ಸೇರಿದವರು. ಜೋಳ, ಹುರುಳಿ, ಕುಂಬಳಗಳ ಕೃಷಿಯಲ್ಲಿಯೂ ಮಡಕೆ ಮಾಡುವುದರಲ್ಲಿಯೂ ನಿಪುಣರು. ಊರಿನ ಹೆಸರೂ ಅವರಿಂದಲೇ ಬಂದದ್ದು. ಈ ಸಂಗತಿಯನ್ನು ಪಾಠಕರು ಮರೆಯದಿರಬೇಕೆಂದು ಕೋರುತ್ತೇನೆ. ಮುಂದೆ ಇದರ ಪ್ರಯೋಜನವುಂಟು.

ಯುರೋಪಿನಲ್ಲಿ ಈ ಎರಡು ರಾಜ್ಯಗಳಿಗೂ ಯುದ್ಧ ಹತ್ತಲು, ೧೭೧೯ರಲ್ಲಿ ನಾಕಿತೋಷಿನ ಬ್ಲೋಂದೆಲ್ ಎಂಬ ಸೇನಾಧಿಕಾರಿ ಏಳು ಜನ ಸಿಪಾಯಿಗಳೊಡನೆ ಮಠದ ಮೇಲೆ ಬಿದ್ದನು. ಅಲ್ಲಿದ್ದವರು ಒಬ್ಬ ಮಠದ ಪರಿಚಾರಕ, ಒಬ್ಬ ಸೈನಿಕ, ಇಬ್ಬರೇ. ಜಯಶೀಲರು ಕೋಳಿಗಳನ್ನು ಹಿಡಿದು ಕುದುರೆಗೆ ಕಟ್ಟಿದರು. ಕೋಳಿಗಳು ರೆಕ್ಕೆ ಬಡಿದುವು. ಕುದುರೆ ಬೆದರಿ ಅಧಿಕಾರಿಯನ್ನು ನೆಲಕ್ಕೆ ಕೆಡವಿತು. ಆ ಸಂದಡಿಯಲ್ಲಿ ಪರಿಚಾರಕನು ತಪ್ಪಿಸಿಕೊಂಡು ಹೋಗಿ ಫ್ರೆಂಚರ ಸೈನ್ಯ ಬರುತ್ತಿದೆಯೆಂದು ಸಾರಿದನು. ಕೂಡಲೆ ಪೂರ್ವ ಟೆಕ್ಸಾಸಿನ ಸ್ಪೇನಿನವರೆಲ್ಲರೂ ತಮ್ಮ ಠಾಣ್ಯಗಳನ್ನು ಬಿಟ್ಟು ಸಾನ್ ಅಂತೋನಿಯೋ ಊರಿಗೆ ಹಿಂತಿರುಗಿದರು. ಇದನ್ನು ಚರಿತ್ರಕಾರರು ಕೋಳಿಯುದ್ಧವೆಂದು ನಗುತ್ತ ಹೇಳುವುದುಂಟು. ನಗಬಹುದಾದ ಸಂಗತಿಯೇ ಸರಿ. ಆದರೆ ಸಾವಿರಾರು ಮೈಲಿ ದೂರದ ರಾಜರ ಜಗಳಕ್ಕೆ ಇಲ್ಲಿಯ ಬಡವರು ಮನೆಬಿಟ್ಟು ಓಡಬೇಕಾಯಿತೆಂಬುದೂ ಅದರಲ್ಲಿಯೇ ಇದೆ.

ಈ ಅಪಮಾನವನ್ನು ತೊಡೆಯಲು ೧೭೨೧ರಲ್ಲಿ ಅಗ್ವಾಯೋ ಎಂಬ ಪ್ರಭುವು ದೊಡ್ಡ ದಂಡನ್ನು ತೆಗೆದುಕೊಂಡು ಬಂದು ಕೋಟೆಯನ್ನು ಕಟ್ಟಿಸಿ, ೬ ಫಿರಂಗಿಗಳನ್ನೂ ೧೦೦ ಜನ ಸೈನಿಕರನ್ನೂ ಅಲ್ಲಿಟ್ಟನು. ಅವರಲ್ಲಿ ಕೆಲವರು ಕುಟುಂಬಸಮೇತರಾಗಿ ಬಂದಿದ್ದರು. ಒಂಟಿ ಸೈನಿಕನು ಓಡಿಯಾನು, ಹೆಂಡತಿ ಮಕ್ಕಳುಳ್ಳವನು ನಿಂತಾನು ಎಂಬುದು ಆಳುವವರ ಎಣಿಕೆ. ಈ ಎಣಿಕೆಯನ್ನು ಚೆನ್ನಾಗಿ ಗಮನಿಸಬೇಕು. ಮನುಷ್ಯನಿಗೆ ಮನೆಯ ಮೇಲಿರುವ ಮಮತೆಯನ್ನೇ ಅರಸನು ಇಲ್ಲಿ ಕೋಟೆಯ ಗೋಡೆಯನ್ನಾಗಿ ಮಾಡಿಕೊಂಡನು. ರಿವೇರಾ ಎಂಬ ತನಿಖಾಧಿಕಾರಿ ೧೭೨೭ರಲ್ಲಿ ಬಂದು ನೋಡಿ ಇಷ್ಟು ಸೈನ್ಯ ಅನಾವಶ್ಯಕವೆಂದು ಬರೆದದ್ದರಿಂದ ಸೈನಿಕರ ಸಂಖ್ಯೆ ೬೦ಕ್ಕೆ ಇಳಿಯಿತು. ೧೭೨೯ರಲ್ಲಿ ಊರು ಪ್ರಾಂತದ ರಾಜಧಾನಿಯೆನಿಸಿತು. ಖರ್ಚು ಕಡಮೆಯಾಯಿತು, ಬಿರುದು ಹೆಚ್ಚಿತು.

ಇನ್ನು ಈ ಜನರ ಜೀವನೋಪಾಯವೇನೆಂದು ನೋಡೋಣ. ಕಾನೂನಿನ ಪ್ರಕಾರ ಅವರಿಗೆ ಬೇಕಾದ ವಸ್ತುಗಳು ಮೆಕ್ಸಿಕೋ ಕಡೆಯಿಂದ, ಸಾಲ್ಟಿಯೋ ಮೊದಲಾದ ದೂರದ ಪೇಟೆಗಳಿಂದ, ನೂರಾರು ಮೈಲಿಗಳ ಕಾಡುದಾರಿಯಲ್ಲಿ ಹೇಸರಗತ್ತೆಗಳ ಮೇಲೆ ಬರಬೇಕು. ಹೊಳೆಗಳು ತುಂಬಿದರೆ ತಿಂಗಳುಗಟ್ಟಲೆ ಏನೂ ಬಾರದು. ಇತ್ತ ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಮುಟ್ಟಬಹುದಾದ ನಾಕಿತೋಷಿನಲ್ಲಿ ಧಾನ್ಯವೂ ಬಟ್ಟೆಯೂ ಕಬ್ಬಿಣದ ಸಾಮಾನೂ ಸಿಕ್ಕುತ್ತಿದ್ದುವು. ಹಸಿವಿನ ಕಾಲದಲ್ಲಿ ಧಾನ್ಯವನ್ನು ಮಾತ್ರ ಕೊಳ್ಳಲು ಸರ್ಕಾರ ಒಪ್ಪುತ್ತಿತ್ತು. ಉಳಿದ ವ್ಯಾಪಾರ ನಿಷಿದ್ಧ. ಹೀಗೆ ಯಾರನ್ನು ತಡೆಯಲು ಇವರನ್ನು ನಿಲ್ಲಿಸಿತ್ತೋ ಅವರ ಅನ್ನದಿಂದಲೇ ಇವರು ಬದುಕಬೇಕಾಯಿತು. ನಾಕಿತೋಷಿನ ಅಧಿಪತಿಯಾದ ಸೇಂಟ್ ಡೆನಿ ಎಂಬ ಫ್ರೆಂಚನ ಹೆಂಡತಿ ಮಾನುವೇಲಾ ಎಂಬಾಕೆ ಸ್ಪೇನಿನವರ ಠಾಣ್ಯವೊಂದರ ಅಧಿಪತಿಯ ಮನೆಯವಳೇ ಆಗಿದ್ದಳು. ಎರಡು ಊರುಗಳಿಗೂ ಕೊಳುಕೊಡೆಗಳು ಬೆಳೆದುವು. ನಕ್ಷೆಯಲ್ಲಿ ಶತ್ರುಗಳಾಗಿದ್ದವರು ಮನೆಯಲ್ಲಿ ಬೀಗರಾದರು.

ಇಲ್ಲಿ ಮೊದಲನೆಯ ಪೂರ್ವಪಕ್ಷ ಏಳುತ್ತದೆ. ಸಂಬಳ ಕೊಟ್ಟ ದೊರೆ ನಿಷೇಧಿಸಿದ ವ್ಯಾಪಾರವನ್ನು ಕಾವಲುಗಾರನೇ ಕದ್ದು ನಡೆಸಿದರೆ ಅದು ಸ್ವಾಮಿದ್ರೋಹವಲ್ಲವೆ? ಬೇಲಿಯೇ ಎದ್ದು ಹೊಲ ಮೇಯ್ದಂತಲ್ಲವೆ? ಇದಕ್ಕೆ ಸಮಾಧಾನವನ್ನು ಹೇಳುವಾಗ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮಹಾಭಾರತದ ಶಾಂತಿಪರ್ವದಲ್ಲಿ ಆಪದ್ಧರ್ಮವೆಂಬ ಒಂದು ಭಾಗವೇ ಇದೆ. ಕ್ಷಾಮದಲ್ಲಿ ವಿಶ್ವಾಮಿತ್ರನಂಥ ಋಷಿಯು ಚಂಡಾಲನ ಮನೆಯಲ್ಲಿ ನಾಯಿಯ ಮಾಂಸಕ್ಕೆ ಕೈಯಿಕ್ಕಿದ ಕಥೆ ಅಲ್ಲಿಯೇ ಬರುತ್ತದೆ. ಪ್ರಾಣಧಾರಣೆಗೆ ಎಷ್ಟು ಬೇಕೋ ಅಷ್ಟಕ್ಕೆ ಮಾತ್ರ ಆಪದ್ಧರ್ಮದ ಅನುಮತಿ. ಅದನ್ನು ಮೀರಿದ್ದು ಬರಿಯ ಲೋಭ. ಲೋಸ್ ಅದಾಯೆಸ್ಸಿನಲ್ಲಿ ಎರಡೂ ಇದ್ದುವು. ಮಗುವಿನ ಹೊಟ್ಟೆಗೆ ಜೋಳವನ್ನೂ ಮೈಗೆ ಬಟ್ಟೆಯನ್ನೂ ತಂದ ಸಿಪಾಯಿಯಿದ್ದನು. ಆ ಸಿಪಾಯಿಗೇ ಸಾಮಾನುಗಳನ್ನು ವಿಪರೀತ ಬೆಲೆಗೆ ಮಾರಿ ಅವನ ಸಂಬಳವನ್ನೆಲ್ಲ ನುಂಗಿದನೆಂದು ಆಪಾದನೆಗೆ ಒಳಗಾದ ಮಾರ್ತೋಸ್ ಎಂಬ ಗವರ್ನರನೂ ಇದ್ದನು. ಕಾನೂನು ಇಬ್ಬರನ್ನೂ ಅಪರಾಧಿಗಳೆಂದೇ ಕರೆಯುತ್ತಿತ್ತು. ಧರ್ಮವು ಹಾಗೆ ಕರೆಯಲಾರದು. ಪಾಲಿಸಿದರೆ ಪ್ರಾಣ ಹೋಗುವಂಥ ನಿಯಮವನ್ನು ಮಾಡಿ, ಅದನ್ನು ಪಾಲಿಸಲಿಲ್ಲವೆಂದು ದಂಡಿಸುವವನು ಅಪರಾಧದ ಅರ್ಧಭಾಗವನ್ನು ತಾನೇ ಹೊರಬೇಕಾಗುತ್ತದೆ.

ದೂರದಲ್ಲಿದ್ದು ಆಳುವವರ ನ್ಯಾಯ ಎಂಥದೆಂಬುದಕ್ಕೆ ಮತ್ತೊಂದು ನಿದರ್ಶನ. ಫ್ರೆಂಚರ ಕೋಟೆ ನದಿಯ ನೆರೆಯಿಂದ ಹಾಳಾಗುತ್ತಿದ್ದುದರಿಂದ ೧೭೩೫ರಲ್ಲಿ ಅದನ್ನು ಪಶ್ಚಿಮದ ದಡಕ್ಕೆ ಸಾಗಿಸಿದರು. ಆಗ ಟೆಕ್ಸಾಸಿನ ಗವರ್ನರನಾಗಿದ್ದ ಸಾಂದೋವಾಲನು ಆಕ್ಷೇಪಣೆಯ ಕಾಗದಗಳನ್ನು ಬರೆದನು. ಅದಕ್ಕಿಂತ ಹೆಚ್ಚಿಗೆ ಮಾಡಲು ಅವನಲ್ಲಿ ಬಲವಿರಲಿಲ್ಲ; ಎಲ್ಲೆ ಯಾವುದೆಂದು ತೋರಿಸುವ ಲಿಖಿತವೂ ಇರಲಿಲ್ಲ. ಆದರೂ ರಾಜನ ಭೂಮಿಯನ್ನು ಕಳೆದನೆಂದು ಅವನನ್ನು ಸೆರೆಯಲ್ಲಿಟ್ಟು ವರ್ಷಗಟ್ಟಲೆ ವಿಚಾರಣೆ ನಡೆಸಿ, ಕೊನೆಗೆ ನಿರ್ದೋಷಿಯೆಂದು ಬಿಟ್ಟರು. ಅರಸರು ಗೆರೆಯನ್ನು ಎಳೆಯದೆಯೇ ಅದನ್ನು ಕಾಯಲಿಲ್ಲವೆಂದು ಸೇವಕನನ್ನು ಶಿಕ್ಷಿಸಿದರು.

ಹೀಗೆ ಕಾಲ ಸಾಗುತ್ತಿರಲು ೧೭೬೨ರಲ್ಲಿ ವಿಚಿತ್ರವಾದ ಒಂದು ಸಂಗತಿ ನಡೆಯಿತು. ಯುದ್ಧದಲ್ಲಿ ಸೋಲುತ್ತಿದ್ದ ಫ್ರಾನ್ಸಿನ ಅರಸನು ಮಿಸ್ಸಿಸ್ಸಿಪ್ಪಿ ನದಿಯ ಪಶ್ಚಿಮಕ್ಕಿದ್ದ ಲೂಯಿಸಿಯಾನಾ ಸೀಮೆಯನ್ನು ಗುಪ್ತಸಂಧಿಯ ಮೂಲಕ ಸ್ಪೇನಿನ ಅರಸನಿಗೆ ಒಪ್ಪಿಸಿದನು. ನಾಕಿತೋಷೂ ಸ್ಪೇನಿನದಾಯಿತು. ಗಡಿಯ ಆಚೆಯೂ ತನ್ನದೇ ಆದ ಮೇಲೆ ಗಡಿಯೆಲ್ಲಿ? ಗಡಿಯಿಲ್ಲದ ಮೇಲೆ ಕಾವಲೇಕೆ? ರೂಬೀ ಎಂಬ ಪ್ರಭುವು ೧೭೬೭ರಲ್ಲಿ ಬಂದು ಪರೀಕ್ಷಿಸಿ, ಕೋಟೆಯ ದುರವಸ್ಥೆಯನ್ನು ಕಂಡು, ಪೂರ್ವ ಟೆಕ್ಸಾಸಿನ ನೆಲೆಗಳನ್ನು ಬಿಟ್ಟುಬಿಡಬೇಕೆಂದು ಸಲಹೆ ಕೊಟ್ಟನು. ೧೭೭೨ರ ಹೊಸ ಶಾಸನ ಅದನ್ನು ಒಪ್ಪಿತು. ೧೭೭೩ರಲ್ಲಿ ಗವರ್ನರನಾದ ರಿಪೆರ್ದಾ ಊರಿಗೆ ಬಂದು, ಐದು ದಿನಗಳೊಳಗೆ ಎಲ್ಲರೂ ಸಾನ್ ಅಂತೋನಿಯೋ ಊರಿಗೆ ಹೊರಡಬೇಕೆಂದು ಅಪ್ಪಣೆ ಮಾಡಿದನು. ಜನರು ಅಂಗಲಾಚಿದ್ದರಿಂದ ಗಡುವು ಸ್ವಲ್ಪ ಬೆಳೆಯಿತು. ಹೊಲದಲ್ಲಿ ಪೈರು ನಿಂತಿತ್ತು. ದನಗಳು ಕಾಡಿನಲ್ಲಿ ಚದುರಿದ್ದುವು. ಜೂನ್ ತಿಂಗಳ ಕೊನೆಯಲ್ಲಿ ಸುಮಾರು ೫೦೦ ಜನರು, ಬಹುಮಂದಿ ಕಾಲುನಡಿಗೆಯಲ್ಲಿ, ಹೊರಟರು. ದಾರಿಯಲ್ಲಿ ಕೆಲವರು ರೋಗದಿಂದ ನಡೆಯಲಾರದೆ ನಿಂತರು, ಕೆಲವರು ಸತ್ತರು. ಆ ಕೋಟೆಯಲ್ಲಿಯೇ ದೀರ್ಘಕಾಲ ಸೇವೆ ಮಾಡಿ ಮುದುಕನಾಗಿದ್ದ ಗೊನ್ಸಾಲೆಸ್ ಎಂಬ ಅಧಿಕಾರಿಯೂ ದಾರಿಯಲ್ಲಿಯೇ ಮಡಿದನು. ಉಳಿದವರು ಸೆಪ್ಟೆಂಬರ್ ಕೊನೆಗೆ ಸಾನ್ ಅಂತೋನಿಯೋ ಸೇರಿದರು. ಅಲ್ಲಿ ಒಳ್ಳೆಯ ಭೂಮಿಯೂ ನೀರೂ ಆಗಲೇ ಬೇರೆಯವರ ವಶವಾಗಿದ್ದುವು.

ಈಗ ಎರಡನೆಯ ಪೂರ್ವಪಕ್ಷವನ್ನು ನ್ಯಾಯವಾಗಿಯೇ ಕೇಳೋಣ. ಭೂಮಿ ಅರಸನದು, ಸೈನಿಕನು ಸಂಬಳಕ್ಕೆ ಬಂದವನು, ಸೇವೆ ಮುಗಿದ ಮೇಲೆ ಸ್ಥಾನಕ್ಕೆ ಅವನಿಗೆ ಹಕ್ಕಿಲ್ಲ. ಉಪಯೋಗವಿಲ್ಲದ ಕೋಟೆಗೆ ಪ್ರಜೆಗಳ ತೆರಿಗೆಯ ಹಣವನ್ನು ಸುರಿಯುವುದು ಅರಸನಿಗೆ ತಕ್ಕುದಲ್ಲ. ರೂಬೀಯ ವರದಿ ದ್ವೇಷದಿಂದ ಹುಟ್ಟಿದುದಲ್ಲ, ವಿವೇಕದಿಂದ ಹುಟ್ಟಿದುದು. ಈ ವಾದದಲ್ಲಿ ಸತ್ಯಾಂಶವಿಲ್ಲವೆಂದು ಹೇಳುವುದು ಹಠವಾದೀತು. ಕೋಟೆಯನ್ನು ಮುಚ್ಚುವ ಅಧಿಕಾರ ಅರಸನಿಗೆ ನಿಶ್ಚಯವಾಗಿ ಇತ್ತು.

ಆದರೆ ಕೋಟೆ ಬೇರೆ, ಊರು ಬೇರೆ. ಫಿರಂಗಿಯನ್ನು ತಂದವನು ಫಿರಂಗಿಯನ್ನು ಒಯ್ಯಬಹುದು. ಐವತ್ತು ವರ್ಷಗಳಲ್ಲಿ ಅಲ್ಲಿ ಹುಟ್ಟಿ ಬೆಳೆದವರನ್ನು ಅವನು ತಂದವನಲ್ಲ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಜನಪದನಿವೇಶವೆಂಬ ಅಧ್ಯಾಯವನ್ನು ಬರೆದು, ಹೊಸದಾಗಿ ಜನರನ್ನು ನೆಲೆಗೊಳಿಸುವ ರಾಜನು ಅವರಿಗೆ ಧಾನ್ಯ, ದನ, ಹಣಗಳ ಸಹಾಯವನ್ನೂ ತೆರಿಗೆಯ ರಿಯಾಯಿತಿಯನ್ನೂ ಕೊಡಬೇಕೆಂದು ವಿಧಿಸುತ್ತಾನೆ. ಅಷ್ಟು ಕಠಿನವಾದ ರಾಜನೀತಿಯೂ ನೆಲೆಗೊಳಿಸುವುದನ್ನು ಒಂದು ಕೊಡುಕೊಳೆಯೆಂದು ಎಣಿಸುತ್ತದೆಯೇ ಹೊರತು ಬರಿಯ ಅಪ್ಪಣೆಯೆಂದಲ್ಲ. ಯಾವನು ಇತರರ ಮಮತೆಯನ್ನು ತನ್ನ ಕಾರ್ಯಕ್ಕೆ ಸಾಧನವಾಗಿ ಉಪಯೋಗಿಸಿಕೊಳ್ಳುತ್ತಾನೋ ಅವನು ಆ ಮಮತೆಗೆ ಋಣಿಯಾಗುತ್ತಾನೆ. ಹೆಂಡತಿ ಮಕ್ಕಳಿರುವುದರಿಂದ ಇವನು ಓಡುವುದಿಲ್ಲವೆಂದು ಮೊದಲು ನೆಚ್ಚಿ, ಹೆಂಡತಿ ಮಕ್ಕಳಿದ್ದರೇನು ಐದು ದಿನದಲ್ಲಿ ಹೊರಡಲೆಂದು ಆಮೇಲೆ ಹೇಳುವುದು ಋಣವನ್ನು ಅಲ್ಲಗಳೆದಂತೆ. ಈ ಅಪ್ಪಣೆಯ ದೋಷ ಅದರ ಉದ್ದೇಶದಲ್ಲಿಲ್ಲ. ಜನರನ್ನು ಲೆಕ್ಕದ ಪುಸ್ತಕದ ಒಂದು ಬಾಬೆಂದು ಎಣಿಸಿದ್ದರಲ್ಲಿದೆ.

ಊರಿನವರು ಈ ಋಣವನ್ನು ಹೇಗೆ ಕೇಳಿದರೆಂಬುದು ವಿಚಾರಯೋಗ್ಯವಾಗಿದೆ. ಅವರು ದಂಗೆಯೇಳಲಿಲ್ಲ. ಅಂತೋನಿಯೋ ಹೀಲ್ ಇಬಾರ್ಬೋ ಎಂಬವನನ್ನು ಮುಂದಾಳಾಗಿ ಮಾಡಿಕೊಂಡು, ಮೆಕ್ಸಿಕೋ ನಗರಕ್ಕೆ ಹೋಗಿ ವೈಸರಾಯನಾದ ಬುಕಾರೆಲಿಗೆ ಬಿನ್ನಹ ಮಾಡಿದರು. ಅವನು ಕನಿಕರಗೊಂಡು, ನಾಕಿತೋಷಿನಿಂದ ದೂರವಾಗಿ ಪೂರ್ವದಲ್ಲಿ ನೆಲಸಲು ಒಪ್ಪಿದನು. ೧೭೭೪ರಲ್ಲಿ ಟ್ರಿನಿಟಿ ನದಿಯ ತೀರದಲ್ಲಿ ಅವರು ಒಂದು ಊರನ್ನು ಕಟ್ಟಿ, ಅದಕ್ಕೆ ವೈಸರಾಯನ ಹೆಸರನ್ನೇ ಇಟ್ಟರು. ೧೭೭೮ರಲ್ಲಿ ಕಮಾಂಚಿಗಳ ದಾಳಿಯಾಯಿತು. ೧೭೭೯ರ ಆದಿಯಲ್ಲಿ ನದಿಯ ಪ್ರವಾಹ ಮನೆಗಳನ್ನು ಹಾಳುಮಾಡಿತು. ಆಗ ಇಬಾರ್ಬೋ ಅಪ್ಪಣೆಗಾಗಿ ಕಾಯದೆ ಜನರನ್ನು ಇನ್ನೂ ಪೂರ್ವಕ್ಕೆ, ನಾಕದೋಚೆಸ್ ಎಂಬಲ್ಲಿ ಬರಿದಾಗಿ ನಿಂತಿದ್ದ ಹಳೆಯ ಮಠದ ಬಳಿಗೆ ಕರೆದುಕೊಂಡು ಹೋದನು. ಅದೇ ವರ್ಷ ಸರ್ಕಾರದವರು ಆ ನೆಲೆಯನ್ನು ಒಪ್ಪಿ, ಅವನಿಗೆ ಅಧಿಕಾರವನ್ನೂ ಕೊಟ್ಟರು. ಆ ಊರು ಇಂದಿಗೂ ಟೆಕ್ಸಾಸಿನಲ್ಲಿ ಬಾಳುತ್ತಿದೆ.

ಇದು ಆಜ್ಞೋಲ್ಲಂಘನವೆ? ಅಕ್ಷರಶಃ ಹೌದು. ಆದರೆ ಅವರು ಮೊದಲು ವಿಧೇಯರಾಗಿ ನಡೆದರು; ಆಮೇಲೆ ಕೇಳಿಕೊಂಡರು; ಕೊಟ್ಟದ್ದನ್ನು ಸ್ವೀಕರಿಸಿ ಅಲ್ಲಿ ಬಾಳಲು ಪ್ರಯತ್ನಿಸಿದರು; ಪ್ರಾಣಕ್ಕೆ ಅಪಾಯ ಬಂದಾಗ ಮಾತ್ರ ಮೀರಿದರು. ಇಬಾರ್ಬೋ ಮಹಾತ್ಮನೆಂದು ನನ್ನ ಅಭಿಪ್ರಾಯವಲ್ಲ. ಅವನು ವ್ಯಾಪಾರಿ, ಪೂರ್ವದಲ್ಲಿ ಅವನಿಗೆ ದನಗಳ ದೊಡ್ಡ ಬೀಡಿತ್ತು, ಫ್ರೆಂಚರೊಡನೆ ಲಾಭದ ಸಂಬಂಧಗಳಿದ್ದುವು, ಮುಂದೆ ಕಳ್ಳವ್ಯಾಪಾರದ ಆಪಾದನೆಯ ಮೇಲೆ ಅಧಿಕಾರವನ್ನು ಕಳೆದುಕೊಂಡನು. ಆದರೆ ಒಬ್ಬನ ಉದ್ದೇಶದಲ್ಲಿ ಸ್ವಾರ್ಥದ ಬೆರಕೆಯಿದ್ದ ಮಾತ್ರಕ್ಕೆ ಐನೂರು ಜನರ ನ್ಯಾಯ ಅನ್ಯಾಯವಾಗಲಾರದು. ವಕೀಲನ ಶೀಲವನ್ನು ನೋಡಿ ವ್ಯಾಜ್ಯವನ್ನು ತೀರ್ಮಾನಿಸುವುದು ಸರಿಯೆ?

ವಿಚಾರವನ್ನು ಇಲ್ಲಿಗೆ ನಿಲ್ಲಿಸಿದರೆ ಸುಖವಾಗಿರುತ್ತಿತ್ತು. ಆದರೆ ಪಾಠಕರು ಮರೆಯದಿರಬೇಕೆಂದು ಹಿಂದೆ ಕೋರಿದ ಸಂಗತಿಯೊಂದಿದೆ: ಊರಿನ ಹೆಸರು ಅದಾಯಿಗಳದು. ನಾವು ಇಲ್ಲಿ ಹುಟ್ಟಿದೆವು, ನಮ್ಮ ಹಿರಿಯರ ಗೋರಿಗಳು ಇಲ್ಲಿವೆ, ಈ ಹೊಲವನ್ನು ಉತ್ತವರು ನಾವು, ಎಂಬುದೇ ಊರಿನವರ ಪಕ್ಷದ ಸಾರವಷ್ಟೆ. ಈ ಮಾತನ್ನು ಅವರಿಗಿಂತ ಸಾವಿರ ಪಾಲು ಹೆಚ್ಚಿನ ಆಧಾರದಿಂದ ಹೇಳಬಲ್ಲವರು ಅವರ ನೆರೆಯಲ್ಲಿಯೇ ಇದ್ದರು. ಸ್ಪೇನಿನ ಅರಸನಾಗಲಿ ಫ್ರಾನ್ಸಿನ ಅರಸನಾಗಲಿ ಗುಪ್ತಸಂಧಿ ಮಾಡಿಕೊಳ್ಳುವಾಗ ಆ ಜನರನ್ನು ಒಂದು ಮಾತು ಕೇಳಿದವನಲ್ಲ. ಹೊರಗಿನಿಂದ ಬಂದ ಸಿಡುಬು ಮೊದಲಾದ ರೋಗಗಳು ಕ್ಯಾಡೋ ಜನರ ಊರೂರನ್ನೇ ಬರಿದುಮಾಡಿದುವು. ಕೊನೆಗೆ ೧೮೩೫ರಲ್ಲಿ, ಆ ವೇಳೆಗೆ ಲೂಯಿಸಿಯಾನಾವನ್ನು ಕೊಂಡುಕೊಂಡಿದ್ದ ಅಮೆರಿಕ ಸಂಯುಕ್ತ ಸಂಸ್ಥಾನಗಳ ಸರ್ಕಾರ ಅವರಿಂದ ಒಂದು ಒಪ್ಪಂದಕ್ಕೆ ರುಜು ಹಾಕಿಸಿ, ಭೂಮಿಯನ್ನು ಬಿಟ್ಟು ಒಂದು ವರ್ಷದೊಳಗೆ ಹೊರಡುವಂತೆ ಮಾಡಿತು. ಟೆಕ್ಸಾಸಿಗೆ ಹೋದವರನ್ನು ಅಲ್ಲಿಂದಲೂ ೧೮೫೯ರಲ್ಲಿ ಉತ್ತರಕ್ಕೆ, ಈಗಿನ ಓಕ್ಲಹೋಮಾ ಸೀಮೆಗೆ ಸಾಗಿಸಿದರು. ಲೋಸ್ ಅದಾಯೆಸ್ಸಿನವರಿಗೆ ಐದು ದಿನ, ಇವರಿಗೆ ಒಂದು ವರ್ಷ. ಗಡುವಿನಲ್ಲಿ ವ್ಯತ್ಯಾಸವುಂಟು, ಮಾತು ಒಂದೇ. ಆದರೆ ಇವರ ಪರವಾಗಿ ಕನಿಕರಗೊಳ್ಳುವ ಬುಕಾರೆಲಿ ಯಾರೂ ಇರಲಿಲ್ಲ.

ಹಾಗಾದರೆ ಊರಿನವರ ಹಕ್ಕು ಸುಳ್ಳೇ? ಅತಿಕ್ರಮಿಸಿ ಬಂದವನಿಗೆ ನೆಲೆಯ ನ್ಯಾಯವನ್ನು ಹೇಳುವ ಬಾಯಿ ಇಲ್ಲವೇ? ಕೆಲವರು ಹಾಗೆ ತೀರ್ಮಾನಿಸಬಹುದು. ನನಗೆ ಹಾಗೆ ತೋರುವುದಿಲ್ಲ. ಬೆರಳನ್ನು ಕತ್ತರಿಸಿದ ತಪ್ಪಿಗೆ ಕತ್ತರಿಸಿದವನ ಮೊಮ್ಮಗನ ಬೆರಳನ್ನು ಕತ್ತರಿಸುವುದು ನ್ಯಾಯವಲ್ಲ. ಆದರೆ ಹಕ್ಕನ್ನು ಹೇಳುವವನು ಅದರ ಮೂಲವನ್ನೂ ಒಪ್ಪಬೇಕಾಗುತ್ತದೆ. ನಮ್ಮನ್ನು ಅರಸನು ಇಲ್ಲಿಟ್ಟನು, ಆದುದರಿಂದ ಇದು ನಮ್ಮದು ಎಂದರೆ, ಅರಸನು ಎಬ್ಬಿಸಿದಾಗ ಏಳಬೇಕು. ಅವರಿಗೆ ಬೇರೆ ಆಧಾರವಿಲ್ಲ. ಅರಸನು ಏನೇ ಹೇಳಲಿ, ಬಾಳಿದ್ದರಿಂದ ಇದು ನಮ್ಮದು ಎಂದರೆ ಮಾತ್ರ ಅವರ ವಾದ ನಿಲ್ಲುತ್ತದೆ. ಆದರೆ ಆ ಕ್ಷಣವೇ ಅದು ಅದಾಯಿಗಳ ವಾದವೂ ಆಗಿಬಿಡುತ್ತದೆ. ತನ್ನ ನೆಲೆಯ ನ್ಯಾಯವನ್ನು ಎತ್ತಿಹಿಡಿದವನು, ತಿಳಿದೋ ತಿಳಿಯದೆಯೋ, ತನಗಿಂತ ಮೊದಲು ಅಲ್ಲಿದ್ದವನ ನ್ಯಾಯಕ್ಕೂ ಸಾಕ್ಷಿ ನುಡಿದಂತಾಯಿತು. ಒಂದನ್ನು ಹಿಡಿದು ಮತ್ತೊಂದನ್ನು ಬಿಡಲು ಯಾವ ತರ್ಕವೂ ಅವಕಾಶ ಕೊಡುವುದಿಲ್ಲ.

ಇದಕ್ಕೆ ಭೂಮಿಯೂ ಸಾಕ್ಷಿ ಹೇಳುತ್ತದೆ. ಆ ನಿವೇಶನವನ್ನು ಅಗೆದು ನೋಡಿದವರಿಗೆ ಸ್ಪೇನಿನ ಸಾಮಾನುಗಳ ಜೊತೆಯಲ್ಲಿ ಫ್ರೆಂಚರ ಪಿಂಗಾಣಿಯೂ, ಇವೆರಡಕ್ಕಿಂತ ಬಹಳ ಹೆಚ್ಚಾಗಿ ಮೂಲನಿವಾಸಿಗಳು ಮಾಡಿದ ಮಡಕೆಗಳ ಚೂರುಗಳೂ ದೊರೆತಿವೆ. ಸ್ಪೇನಿನ ಧ್ವಜದ ಕೆಳಗೆ ಅಡಿಗೆ ನಡೆದದ್ದು ಕ್ಯಾಡೋ ಹೆಂಗಸರ ಕೈಯಿಂದಾದ ಮಡಕೆಗಳಲ್ಲಿ. ಆ ಊರು ಉಳಿದದ್ದು ಅರಸನ ದಯದಿಂದಲ್ಲ; ಶತ್ರುವೆನಿಸಿಕೊಂಡವನ ಧಾನ್ಯದಿಂದ, ಅನಾಗರಿಕನೆನಿಸಿಕೊಂಡವನ ಮಡಕೆಯಿಂದ. ಋಣವೆಂದರೆ ಅರಸನು ಪ್ರಜೆಗೆ ತೀರಿಸಬೇಕಾದದ್ದು ಮಾತ್ರವಲ್ಲ. ನೆಲಸಿದವನು ನೆಲೆ ಕೊಟ್ಟವನಿಗೆ ತೀರಿಸಬೇಕಾದದ್ದೂ ಉಂಟು. ಮೊದಲನೆಯದನ್ನು ಕೇಳಲು ಲೋಸ್ ಅದಾಯೆಸ್ಸಿನವರು ಮೆಕ್ಸಿಕೋ ನಗರದವರೆಗೂ ಹೋದರು. ಎರಡನೆಯದನ್ನು ತೀರಿಸಲು ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಅದನ್ನು ಪಡೆಯತಕ್ಕವರು ಕೋಟೆಯ ಬಾಗಿಲಿನ ಆಚೆಯೇ ಇದ್ದರು.